ಕಾಗಿಣಾ ದಂಡೆಯ ಮನೆಗಾಡಿ

ಏಪ್ರಿಲ್ 13, ಭಾನುವಾರ. ಸೇಡಂ

ನಾಳೆ ಬೆಳಿಗ್ಗೆ ಹೊರಡಬೇಕು. ಗಾಡಿ ಮನೆ ಮುಂದೆ ಬಂದು ನಿಂತಿದೆ. ಟೆಂಪೋ ಟ್ರಾವೆಲರ್‌ನ ಸೀಟುಗಳನ್ನೆಲ್ಲ ಕಿತ್ತು ಹೈದರಾಬಾದಿನಲ್ಲಿ ಮನೆಯಂತೆ ಮಾಡಿಸಿದ್ದಾರೆ. ಎರಡು ಮಂಚ, ನಡುವೆ ಪರದೆ, ಗ್ಯಾಸ್ ಒಲೆ, ಫ್ರಿಜ್, ಹಿಂದೆ ಪುಟ್ಟ ಪಾಯಖಾನೆ. ಓಣಿಯವರು ರಕ್ತದಾನದ ಗಾಡಿ ಎಂದು ತಿಳಿದು ವಿಚಾರಿಸಿದರು. ಕಂಪನಿಯ ಗಾಡಿ ಎಂದೆ. ಯಾವ ಕಂಪನಿ ಎಂದು ಹೇಳಲಿಲ್ಲ.

ಕಂಪನಿ ನಾಶಿಕದ್ದು, ವೈನ್ ತಯಾರಿಸುತ್ತದೆ. ನನ್ನ ಮಗಳು ಐಶ್ವರ್ಯ ಅಲ್ಲಿ ತೋಟಗಳ ಅಧಿಕಾರಿ. ತೋಟಗಾರಿಕೆ ಎಂ.ಎಸ್ಸಿ. ಓದಿಸಿದವನು ನಾನೇ, ಮಾವು, ಪೇರಲ ಬೆಳೆಸುತ್ತಾಳೆ ಎಂದುಕೊಂಡಿದ್ದೆ. ಕಾಗಿಣಾ ನದಿಯ ಸುಣ್ಣಕಲ್ಲಿನ ನೆಲ ವೈನಿನ ದ್ರಾಕ್ಷಿಗೆ ಒಗ್ಗುತ್ತದೆಯೇ ಎಂದು ನೋಡಲು ಅವಳನ್ನು ಈ ಕಡೆ ಕಳಿಸಿದ್ದಾರೆ. ಚಿಂಚೋಳಿಯಿಂದ ಶಹಾಬಾದದವರೆಗೆ, ಅಲ್ಲಿಂದ ಭೀಮೆಯ ದಂಡೆ ಹಿಡಿದು ಸನ್ನತಿಯವರೆಗೆ ಊರೂರು ತಿರುಗಿ ಮಣ್ಣು ನೋಡುವುದು, ರೈತರೊಡನೆ ಮಾತಾಡುವುದು ಕೆಲಸ. ಕಂಪನಿಯ ಕಾಗದದಲ್ಲಿ ಇದಕ್ಕೆ ಕಾಗಿಣಾ ವೈನ್ ಕಣಿವೆ ಎಂದು ಹೆಸರು. ನಾನು ಇಡೀ ಸರ್ವಿಸು ತಹಶೀಲ್ ಕಚೇರಿಯಲ್ಲಿ ಕಳೆದವನು. ಇಲ್ಲಿ ಕಣಿವೆ ಎಂಬುದು ಯಾವ ದಾಖಲೆಯಲ್ಲೂ ಇಲ್ಲ.

ಹೆಣ್ಣುಮಗಳು ಹೋದ ಹೋದ ಊರಲ್ಲಿ ಗಾಡಿಯೊಳಗೆ ಮಲಗುತ್ತಾಳೆಂದರೆ ಜನ ಏನೆಂದಾರು, ನೀವು ಜೊತೆಗೆ ಹೋಗಿ ಎಂದು ನನ್ನ ಹೆಂಡತಿ ಚಂದಮ್ಮ ಹಟ ಹಿಡಿದಳು. ಮಗಳು ಒಲ್ಲೆ ಎನ್ನಲಿಲ್ಲ. ನಿಮಗೆ ಬೇಸರವಾಗುತ್ತದೆ ಎಂದಳು ಅಷ್ಟೆ.

ನಾನು ಒಪ್ಪಿದ್ದಕ್ಕೆ ಬೇರೆ ಕಾರಣವೂ ಇದೆ. ನನ್ನ ಜೊತೆ ಚಿತ್ತಾಪುರ ಕಚೇರಿಯಲ್ಲಿದ್ದ ಗುರುಶಾಂತಪ್ಪನವರು ತಮ್ಮ ಮಗ ಸಿದ್ದಲಿಂಗೇಶನಿಗೆ ನಮ್ಮ ಹುಡುಗಿಯನ್ನು ಕೇಳಿದ್ದಾರೆ. ಹುಡುಗ ಕರೆಂಟ್ ಇಲಾಖೆಯಲ್ಲಿ ಎಂಜಿನಿಯರ್. ಲಿಂಗ ಕಟ್ಟುವ ಮನೆತನದಲ್ಲಿ ಸೊಸೆ ಇಂಥ ಕೆಲಸ ಮಾಡುವುದು ಬೇಡ, ಲಗ್ನಕ್ಕೆ ಮೊದಲೇ ಬಿಡಬೇಕು ಎಂಬುದೊಂದೇ ಅವರ ಷರತ್ತು. ನ್ಯಾಯವಾದದ್ದೇ. ಬಿಡಿಸುತ್ತೇನೆಂದು ಮಾತು ಕೊಟ್ಟಿದ್ದೇನೆ. ಐಶ್ವರ್ಯಳಿಗೆ ಹೇಳಿಲ್ಲ. ತಿಂಗಳು ಜೊತೆಗಿರುತ್ತೇನಲ್ಲ, ಸಮಯ ನೋಡಿ ಹೇಳಿದರಾಯಿತು.

ಏಪ್ರಿಲ್ 15, ಮಂಗಳವಾರ. ಚಿಂಚೋಳಿ

ಮುಲ್ಲಾಮಾರಿ ಹೊಳೆಯ ಪಕ್ಕ ಬೇವಿನ ನೆರಳಿನಲ್ಲಿ ಗಾಡಿ ನಿಲ್ಲಿಸಿದ್ದೇವೆ. ಹೊಳೆಯಲ್ಲಿ ನೀರಿಗಿಂತ ಕಲ್ಲು ಹೆಚ್ಚು.

ಬೆಳಿಗ್ಗೆ ಪೂಜೆಗೆ ಕುಳಿತಾಗ ಫ್ರಿಜ್ಜಿನಲ್ಲಿ ವೈನ್ ಬಾಟಲಿಗಳಿವೆಯೆಂದು ಗೊತ್ತಾಯಿತು. ಮಾದರಿಗೆ ತಂದಿದ್ದಾಳಂತೆ. ಪೂಜೆಯ ಪೆಟ್ಟಿಗೆಯನ್ನು ಎತ್ತಿಕೊಂಡು ಮುಂದೆ ಡ್ರೈವರ್ ಪಕ್ಕದ ಸೀಟಿಗೆ ಹೋದೆ. ಡ್ರೈವರ್ ಬಂದೇಅಲಿ ಶಹಾಬಾದದವನು, ನನಗಿಂತ ನಾಲ್ಕಾರು ವರ್ಷ ಸಣ್ಣವನು. ಏನೂ ಕೇಳದೆ ಇಳಿದು ಹೋಗಿ ನನ್ನ ಪೂಜೆ ಮುಗಿಯುವವರೆಗೆ ಹೊರಗೆ ನಿಂತ. ಅವನೂ ಬಾಟಲಿ ಮುಟ್ಟುವವನಲ್ಲ. ಗಾಡಿಯಲ್ಲಿ ನನ್ನ ಕಡೆಯವನೊಬ್ಬನಿದ್ದಾನೆ.

ಮಧ್ಯಾಹ್ನ ಇಬ್ಬರು ಮುದುಕಿಯರು ಬಿ.ಪಿ. ನೋಡಿಸಲು ಬಂದು ಗಾಡಿಯ ಮುಂದೆ ಕುಳಿತರು. ಇದು ಆಸ್ಪತ್ರೆಯಲ್ಲ ಎಂದರೂ ಏಳಲಿಲ್ಲ. ಐಶ್ವರ್ಯ ಮಜ್ಜಿಗೆ ಕೊಟ್ಟು ಕಳಿಸಿದಳು.

ಏಪ್ರಿಲ್ 18, ಶುಕ್ರವಾರ. ಮಳಖೇಡದ ಹತ್ತಿರ

ಬಿಸಿಲು ವಿಪರೀತ. ಮಧ್ಯಾಹ್ನ ಗಾಡಿಯೊಳಗೆ ಇರಲಾಗುವುದಿಲ್ಲ, ಹೊರಗೂ ಇರಲಾಗುವುದಿಲ್ಲ.

ಸಂಜೆ ಮಗಳು ಒಂದು ಬಾಟಲಿ ತೆಗೆದಳು. ನಾನು ಮುಖ ತಿರುಗಿಸಿ ಕುಳಿತೆ, ಆದರೆ ಕಂಡಿತು. ಗಾಜಿನಲ್ಲಿ ಸ್ವಲ್ಪ ಸುರಿದು, ಮೂಸಿ, ಬಾಯಿಗೆ ಹಾಕಿಕೊಂಡು, ಬಾಯಿ ಮುಕ್ಕಳಿಸಿದಂತೆ ಮಾಡಿ ಡಬ್ಬಿಯಲ್ಲಿ ಉಗುಳಿದಳು. ಮತ್ತೆ ಬೇರೆ ಬಾಟಲಿ, ಮತ್ತೆ ಅದೇ. ಏನು, ಕೆಟ್ಟಿದೆಯೇ ಎಂದು ಕೇಳಿದೆ. ಕೆಟ್ಟಿಲ್ಲ, ಕೆಲಸದಲ್ಲಿ ಯಾರೂ ನುಂಗುವುದಿಲ್ಲ, ನುಂಗಿದರೆ ನಾಲಗೆಯೂ ತಲೆಯೂ ಕೆಲಸ ಮಾಡುವುದಿಲ್ಲ ಎಂದಳು. ನಾಲ್ಕು ವರ್ಷದಿಂದ ಉಗುಳುತ್ತಲೇ ಇದ್ದಾಳಂತೆ.

ಇದನ್ನು ಚಂದಮ್ಮಳಿಗೆ ಫೋನ್ ಮಾಡಿ ತಿಳಿಸಿದೆ. ಹಾಗಿದ್ದರೆ ಸಂಬಳ ಯಾಕೆ ಕೊಡುತ್ತಾರೆ ಎಂದಳು.

ಏಪ್ರಿಲ್ 21, ಸೋಮವಾರ. ಚಿತ್ತಾಪುರ

ಚಿತ್ತಾಪುರದಿಂದ ಸ್ವಲ್ಪ ದೂರ, ಕಾಗಿಣಾ ದಂಡೆಯಲ್ಲಿ ಒಂದು ಊರು. ಏಪ್ರಿಲ್ ಹದಿನಾಲ್ಕರ ಜಯಂತಿಯ ನೀಲಿ ಕಾಗದದ ಪರಪರಿ ಇನ್ನೂ ಓಣಿಗೆ ಅಡ್ಡ ತೂಗುತ್ತಿತ್ತು. ಆ ಓಣಿಯ ಯಂಕಮ್ಮ ಎಂಬ ಹೆಣ್ಣುಮಗಳು ಹೋದ ವರ್ಷ ತನ್ನ ಒಂದು ಎಕರೆಯಲ್ಲಿ ಈ ದ್ರಾಕ್ಷಿ ಹಚ್ಚಿದ್ದಾಳೆ. ಇಡೀ ನದಿಗೆ ಕಂಪನಿಯ ಪ್ರಯೋಗದ ತೋಟ ಇದೊಂದೇ. ಬೇರೆ ಯಾರೂ ಧೈರ್ಯ ಮಾಡಲಿಲ್ಲವಂತೆ. ಗಂಡ ದಶರಥ ರಾವೂರದ ಕಲ್ಲಿನ ಖಣಿಗೆ ದುಡಿಯಲು ಹೋಗುತ್ತಾನೆ, ತೋಟವೆಲ್ಲ ಅವಳದ್ದೇ.

ನಾನು ಗೊಂಚಲು ಕಾಣುತ್ತೇನೆಂದು ಹೋಗಿದ್ದೆ. ಒಂದು ಹಣ್ಣೂ ಇಲ್ಲ. ಬಿದಿರಿನ ಗಳಕ್ಕೆ ಕಟ್ಟಿದ ಎಳೆ ಬಳ್ಳಿಗಳು, ಮೇಲೆ ತಂತಿ. ಈ ಬೇಸಿಗೆಯಲ್ಲಿ ಬಳ್ಳಿ ತಂತಿ ಹತ್ತಿ ಕೈ ಚಾಚಬೇಕು, ಹಣ್ಣು ಮುಂದಿನ ವರ್ಷ ಎಂದು ಮಗಳು ವಿವರಿಸಿದಳು. ಮೇ ತಿಂಗಳ ಕೊನೆಗೆ ನಾಶಿಕದ ದೊಡ್ಡ ಅಧಿಕಾರಿ ಬಂದು ಈ ತೋಟ ನೋಡುತ್ತಾರೆ. ಅವರಿಗೆ ಸರಿ ಕಂಡರೆ ಕೆಲಸ ಮುಂದುವರಿಯುತ್ತದೆ. ಇಲ್ಲವಾದರೆ ಕಾಗಿಣಾ ಯೋಜನೆ ಮುಚ್ಚಿ, ಅವಳನ್ನು ನಾಶಿಕಕ್ಕೆ ವಾಪಸು ಕರೆಸಿಕೊಳ್ಳುತ್ತಾರೆ. ಮುಚ್ಚಿದರೆ ಕೆಲಸ ಬಿಡಿಸುವ ನನ್ನ ಮಾತು ಸುಲಭವಾಗುತ್ತದೆ ಎಂದು ಮನಸ್ಸಿಗೆ ಬಂತು.

ಯಂಕಮ್ಮ ಊಟಕ್ಕೆ ಕರೆದಳು. ಸೋಮವಾರ, ನನಗೆ ಉಪವಾಸ ಎಂದೆ. ಸಂಜೆ ಗಾಡಿಯಲ್ಲಿ ಚುರುಮುರಿಯ ಸೂಸಲ ತಿಂದೆ. ಐಶ್ವರ್ಯ ನನ್ನ ತಟ್ಟೆ ನೋಡಿದಳು.

ಏಪ್ರಿಲ್ 25, ಶುಕ್ರವಾರ. ವಾಡಿ

ಇಡೀ ದಿನ ಧೂಳು. ಗುಂಡಿ ತೋಡಿಸಿ ಮಣ್ಣಿನ ಮೇಲೆ ಮಗಳು ನಾಲ್ಕು ಹನಿ ಆಸಿಡ್ ಹಾಕಿದಳು. ಮಣ್ಣಿನಿಂದ ಬುಸುಬುಸು ನೊರೆ ಬಂತು. ನೊರೆ ಬಂದರೆ ಸುಣ್ಣವಿದೆ ಎಂದರ್ಥ. ಮುಂದಿನ ಗುಂಡಿಗೆ ನಾನೇ ಹಾಕಿದೆ.

ಏಪ್ರಿಲ್ 30, ಬುಧವಾರ. ಶಹಾಬಾದ

ಬಸವ ಜಯಂತಿ. ಊರೊಳಗಿನ ಮೆರವಣಿಗೆಗೆ ಹೋಗಿ ಬಂದೆ. ಬಂದೇಅಲಿ ಮನೆಯಿಂದ ಶರಬತ್ತು ಬಂತು.

ಗುರುಶಾಂತಪ್ಪನವರ ಫೋನ್. ಮೇ ಎಂಟರಂದು ಗುರುವಾರ ಸೇಡಂಗೆ ಹುಡುಗನನ್ನು ಕರೆದುಕೊಂಡು ಬರುತ್ತಾರೆ. ಹುಡುಗಿಗೆ ಹೇಳಿದಿರಾ ಎಂದು ಕೇಳಿದರು. ಹೇಳುತ್ತಿದ್ದೇನೆ ಎಂದೆ. ನೋಡಲು ಬರುತ್ತಾರೆಂಬುದನ್ನು ಮಾತ್ರ ಸಂಜೆ ಹೇಳಿದೆ. ಐಶ್ವರ್ಯ, ಬರಲಿ, ನೋಡೋಣ ಎಂದಳು. ಕೆಲಸ ಬಿಡುವ ವಿಷಯ ಎತ್ತಬೇಕೆನ್ನುವಷ್ಟರಲ್ಲಿ ಅವಳು ಹಳ್ಳಿಗಳ ನಕಾಶೆ ಹರಡಿದಳು. ಸರ್ವೆ ನಂಬರುಗಳೆಲ್ಲ ಏರುಪೇರು. ಯಾರು ಕೊಟ್ಟರೋ ಏನೋ. ಕುಳಿತು ಎಲ್ಲವನ್ನೂ ತಿದ್ದಿಕೊಟ್ಟೆ. ಆ ಮಾತು ಉಳಿಯಿತು.

ಮೇ 3, ಶನಿವಾರ. ಸನ್ನತಿ

ಭೀಮೆಯ ದಂಡೆ. ಬೆಳಿಗ್ಗೆ ಚಂದ್ರಲಾಂಬೆಗೆ ಕೈ ಮುಗಿದು ಬಂದೆವು. ಆಮೇಲೆ ರೈತರ ಸಭೆ. ಮಾಣಿಕಪ್ಪ ಎಂಬ ದೊಡ್ಡ ಹಿಡುವಳಿಯ ರೈತ, ಹೊಳೆ ಬಂದು ತೋಟದಲ್ಲಿ ನೀರು ನಿಂತರೆ ಬಳ್ಳಿ ಬದುಕುತ್ತದೆಯೇ ಎಂದು ಕೇಳಿದ. ಐಶ್ವರ್ಯ ಎಲ್ಲರೆದುರು, ನನಗೆ ಗೊತ್ತಿಲ್ಲ, ಈ ನೆಲದಲ್ಲಿ ಯಾರೂ ನೋಡಿಲ್ಲ ಎಂದುಬಿಟ್ಟಳು. ಮಾಣಿಕಪ್ಪ ಎದ್ದು ಹೋದ. ಅವನ ಹಿಂದೆ ಅರ್ಧ ಜನ ಹೋದರು.

ಗಾಡಿಗೆ ಬಂದ ಮೇಲೆ ಗದರಿದೆ. ಅಧಿಕಾರಿಯಾದವರು ಜನರ ಮುಂದೆ ಗೊತ್ತಿಲ್ಲ ಅನ್ನಬಾರದು, ಪರಿಶೀಲಿಸಿ ತಿಳಿಸಲಾಗುವುದು ಎನ್ನಬೇಕು. ನಾನು ಸರ್ವಿಸಿನುದ್ದಕ್ಕೂ ಹಾಗೇ ಹೇಳಿದ್ದೇನೆ ಎಂದೆ.

“ಅವರು ಹೊಲಾ ಹಚ್ಚಾವರಿದ್ದಾರಪಾ. ಗೊತ್ತಿಲ್ಲದ್ದಕ್ಕ ಗೊತ್ತದ ಅಂದ್ರ ಅವರ ಹೊಲಾ ಹಾಳಾಗ್ತದ, ನಂದಲ್ಲ,” ಎಂದಳು.

ಎದುರು ಮಾತಾಡುವುದು ಹೆಚ್ಚಾಗಿದೆ.

ಮೇ 6, ಮಂಗಳವಾರ. ಚಿತ್ತಾಪುರದ ಹೊರಗೆ

ನಾಡಿದ್ದು ಹುಡುಗನ ಕಡೆಯವರು ಬರುತ್ತಾರೆಂದು ಸೇಡಂ ಕಡೆ ಹೊರಟಿದ್ದೆವು. ಸಂಜೆ ದಿಕ್ಕೆಲ್ಲ ಕಪ್ಪಾಗಿ ಗಾಳಿ ಎದ್ದಿತು, ಹಿಂದೆಯೇ ಆಣೆಕಲ್ಲಿನ ಮಳೆ. ಬಂದೇಅಲಿ ಗಾಡಿಯನ್ನು ಪೆಟ್ರೋಲ್ ಬಂಕಿನ ಮಾಡಿನ ಕೆಳಗೆ ಹೊಗಿಸಿದ. ತಗಡಿನ ಮೇಲೆ ಬೀಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ನಿಂತ ಮೇಲೆ ನೋಡಿದರೆ ರಸ್ತೆ ಬೆಳ್ಳಗೆ.

ಐಶ್ವರ್ಯ ಯಂಕಮ್ಮಳಿಗೆ ಫೋನ್ ಮಾಡಿದಳು. ಅತ್ತ ಅವಳು ಅಳುತ್ತಿದ್ದಳು.

ಸೇಡಂ ಬದಲು ಯಂಕಮ್ಮನ ಊರಿಗೆ ಹೊರಳಿದೆವು.

ಮೇ 7, ಬುಧವಾರ. ಯಂಕಮ್ಮನ ತೋಟ

ಬೆಳಕು ಹರಿಯುವಾಗ ತೋಟಕ್ಕೆ ಹೋದೆವು. ಗಾಳಿಗೆ ಒಂದು ಮಗ್ಗುಲಿನ ಕಂಬಗಳು ವಾಲಿದ್ದವು, ತಂತಿ ಜೋತು ಬಿದ್ದಿತ್ತು. ಎಲೆಗಳು ಚಿಂದಿ. ಆದರೆ ಬಳ್ಳಿಗಳು ನಿಂತೇ ಇದ್ದವು, ತುದಿಯಲ್ಲಿ ಅಲ್ಲಲ್ಲಿ ಹಸಿರು ಉಳಿದಿತ್ತು. ನನಗೆ ಅಷ್ಟೇನೂ ಕೆಟ್ಟಿಲ್ಲ ಅನ್ನಿಸಿತು.

ಐಶ್ವರ್ಯ ಒಂದೊಂದೇ ಬಳ್ಳಿಯನ್ನು ಬೆರಳಲ್ಲಿ ಸವರುತ್ತ ಸಾಲು ಮುಗಿಸಿ ಬಂದಳು. ಕಲ್ಲು ಬಿದ್ದ ಕಡೆಯೆಲ್ಲ ತೊಗಟೆ ಒಡೆದಿತ್ತು. ಹೀಗೇ ಬಿಟ್ಟರೆ ಬಳ್ಳಿ ಬೆಳೆಯುತ್ತದೆ, ಆದರೆ ಮಳೆಗಾಲದಲ್ಲಿ ಗಾಯ ಕೊಳೆತು ಒಳಗಿನಿಂದ ಸಾಯುತ್ತದೆ. ಗಾಯದ ಕೆಳಗೆ, ಮೊಳಕಾಲಿನ ಮಟ್ಟಕ್ಕೆ ಎಲ್ಲವನ್ನೂ ಕತ್ತರಿಸಬೇಕು, ಕತ್ತರಿಸಿದ ಬಾಯಿಗೆ ಮೈಲುತುತ್ತ ಸುಣ್ಣ ಕಲಸಿ ಹಚ್ಚಬೇಕು, ಕೆಳಗಿನ ಕಣ್ಣಿನಿಂದ ಹೊಸ ಚಿಗುರು ಬರುತ್ತದೆ ಎಂದಳು. ಮಾಡುವುದಿದ್ದರೆ ಇವತ್ತು ನಾಳೆಯೊಳಗೆ.

ಯಂಕಮ್ಮ ಒಪ್ಪಲಿಲ್ಲ. ಒಂದು ವರ್ಷ ಕೊಡದಿಂದ ನೀರು ಹೊತ್ತು ಬೆಳೆಸಿದ್ದು. ಉಳಿದ ಹಸಿರನ್ನೂ ಕಡಿದು ಹಾಕು ಎಂದರೆ ಹೇಗೆ. ದೊಡ್ಡ ಅಧಿಕಾರಿ ಬಂದಾಗ ಮೋಟು ಕಡ್ಡಿ ತೋರಿಸುವುದೇ ಎಂದು ಕೇಳಿದಳು. ಆ ಮಾತು ನನಗೂ ಸರಿ ಎನ್ನಿಸಿತು. ಹಸಿರು ಉಳಿಸಿಕೊಂಡರೆ ಅಧಿಕಾರಿಯ ಕಣ್ಣಿಗಾದರೂ ತೋಟ ಕಾಣುತ್ತದೆ. ಐಶ್ವರ್ಯ ಅದಕ್ಕೆ, ಅವರ ಕಣ್ಣಿಗೆ ಕಾಣಲಿ ಎಂದು ನಿನ್ನ ಬಳ್ಳಿ ಕೊಲ್ಲಲೇನು ಎಂದಳು.

ಯಂಕಮ್ಮ ನನ್ನ ಕಡೆ ತಿರುಗಿದಳು.

“ಸಾಹೇಬ್ರ, ನೀವು ಹಿರೇರಿದ್ದೀರಿ. ನಿಮ್ಮ ಮಗಳು ಅನ್ನಾದು ಬಿಟ್ಟು ಹೇಳ್ರಿ. ಈ ಮಾತು ನಂಬಲೇನ್ರಿ?”

ಇಂಥ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ದ್ರಾಕ್ಷಿ ನನಗೇನು ಗೊತ್ತು. ಪರಿಶೀಲಿಸಿ ಹೇಳುತ್ತೇನೆ ಎನ್ನುವಂತೆಯೂ ಇರಲಿಲ್ಲ, ಹೆಣ್ಣುಮಗಳು ಮುಖ ನೋಡುತ್ತ ನಿಂತಿದ್ದಳು.

“ನನಗ ಬಳ್ಳಿ ತಿಳಿಯಂಗಿಲ್ಲವಾ,” ಎಂದೆ. “ಆಕಿ ಜೋಡಿ ತಿರಗಾಕತ್ತಿ ಭಾಳ ದಿನ ಆತು. ಗೊತ್ತಿಲ್ಲಂದ್ರ ಎಷ್ಟು ಮಂದಿ ಇದ್ರೂ ಗೊತ್ತಿಲ್ಲ ಅಂತಾಳ. ಇವತ್ತು ಹಂಗ ಅನ್ನವಲ್ಲಳು. ಕಡಿ ಅನ್ನಾಕತ್ತಾಳ. ನಾ ಆಗಿದ್ರ ಕಡೀತಿದ್ದೆ.”

ಯಂಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕತ್ತರಿ ಇಸಕೊಂಡಳು. ಮೊದಲ ಬಳ್ಳಿಯನ್ನು ತಾನೇ ಕತ್ತರಿಸಿದಳು.

ದಶರಥ ಖಣಿಗೆ ರಜೆ ಹಾಕಿ ಬಂದ. ಅವನೂ ಬಂದೇಅಲಿಯೂ ಕಂಬ ನೆಟ್ಟಗೆ ಮಾಡಿದರು. ಹೆಣ್ಣುಮಕ್ಕಳಿಬ್ಬರು ಕತ್ತರಿಸುತ್ತ ಹೋದರು, ನಾನು ಡಬ್ಬಿ ಹಿಡಿದು ಹಿಂದೆ ಹಿಂದೆ ಮುಲಾಮು ಹಚ್ಚಿದೆ. ಮಧ್ಯಾಹ್ನ ಯಂಕಮ್ಮನ ಮನೆಯಲ್ಲಿ ಊಟ. ಖಡಕ್ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಪುಂಡಿಪಲ್ಯ ಹುಳಿ ಹದವಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಸಂಜೆಗೆ ಅರ್ಧ ತೋಟ ಮುಗಿಯಿತು. ಉಗುರೆಲ್ಲ ನೀಲಿ.

ನಾಳೆ ಸೇಡಂಗೆ ಹೋಗಲಾಗುವುದಿಲ್ಲ. ಚಂದಮ್ಮಳಿಗೆ ತಿಳಿಸಿದೆ. ನಿಮಗೆ ಬುದ್ಧಿ ನೆಟ್ಟಗಿದೆಯೇ ಎಂದು ಫೋನ್ ಇಟ್ಟಳು. ಗುರುಶಾಂತಪ್ಪನವರು ಸಿಟ್ಟಾಗಲಿಲ್ಲ. ಚಿತ್ತಾಪುರದ ಮೇಲೆಯೇ ಬರುವುದು, ತೋಟಕ್ಕೇ ಬರುತ್ತೇವೆ ಎಂದರು. ದೊಡ್ಡ ಮನಸ್ಸು.

ಮೇ 8, ಗುರುವಾರ. ಅದೇ ತೋಟ

ಹತ್ತು ಗಂಟೆ ಹೊತ್ತಿಗೆ ಕಾರು ಬಂತು. ಗುರುಶಾಂತಪ್ಪ, ಅವರ ಮಗ, ಇಬ್ಬರೇ. ಐಶ್ವರ್ಯ ತಲೆಗೆ ಟವೆಲ್ ಸುತ್ತಿ ಕೆಸರಿನಲ್ಲಿ ನಿಂತಿದ್ದವಳು ಕೊಡದ ನೀರಿನಲ್ಲಿ ಕೈ ತೊಳೆದುಕೊಂಡು ಬಂದು ನಮಸ್ಕಾರ ಮಾಡಿದಳು. ಹುಡುಗ ನೋಡಲು ಚೆನ್ನಾಗಿದ್ದಾನೆ. ತಂತಿ ಎಷ್ಟು ದಪ್ಪದ್ದು, ಎಳೆತಕ್ಕೆ ಮೂಲೆಯ ಕಂಬ ತಡೆಯುತ್ತದೆಯೇ ಎಂದು ಕೇಳಿದ. ಅವಳು ಕರೆದುಕೊಂಡು ಹೋಗಿ ತೋರಿಸಿದಳು. ಇಬ್ಬರೂ ಮಾತಾಡುತ್ತ ಸಾಲಿನ ಕೊನೆಯವರೆಗೆ ಹೋಗಿ ಬಂದರು. ಆಗಿಬಿಡುತ್ತದೆ ಎಂದುಕೊಂಡೆ.

ಬಂದೇಅಲಿ ಗಾಡಿಯಲ್ಲಿ ಚಹಾ ಮಾಡಿ ತಂದ. ಗುರುಶಾಂತಪ್ಪನವರು ಬದುವಿನ ಮೇಲೆ ಕುಳಿತು, ಹುಡುಗಿ ಶ್ರಮಜೀವಿ, ಇದನ್ನೇ ನಮ್ಮ ಸ್ವಂತ ಹೊಲದಲ್ಲಿ ಮಾಡಲಿ ಎಂದು ನಕ್ಕರು. ಆಮೇಲೆ ನನಗೆ ಹೇಳಿದರು.

“ಕಲ್ಯಾಣಪ್ಪನವರ, ನೀವು ಮಾತು ಕೊಟ್ಟಂಗ ಈ ತಿಂಗಳಿಗೇ ರಾಜೀನಾಮಿ ಕೊಡಿಸಿಬಿಡ್ರಿ. ಶ್ರಾವಣದಾಗ ಕಾರ್ಯ ಇಟ್ಕೊಳ್ಳೋಣ.”

ಐಶ್ವರ್ಯ ಚಹಾದ ಕಪ್ಪು ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿದಳು. ಹುಡುಗ ನೆಲ ನೋಡುತ್ತಿದ್ದ, ಅವನಿಗೆ ಗೊತ್ತಿತ್ತೆಂದು ಕಾಣುತ್ತದೆ.

ಆ ಹೊತ್ತಿಗೆ ತೋಟದ ಕೆಲಸ ಅರ್ಧಕ್ಕೆ ನಿಂತಿದೆ ಎಂಬುದೊಂದೇ ತಲೆಯಲ್ಲಿತ್ತು. ಈ ತಿಂಗಳು ಆಗುವುದಿಲ್ಲ, ಚಿಗುರು ಕಟ್ಟಬೇಕು ಎಂದೆ. ಹಾಗಾದರೆ ಬರುವ ತಿಂಗಳು ಎಂದರು. ಆಗಲೂ ಆಗುವುದಿಲ್ಲ, ಮಳೆಗಾಲದಲ್ಲಿ ರೋಗ ನೋಡಬೇಕು, ಆಮೇಲೆ ಮತ್ತೆ ಕತ್ತರಿಸುವುದು, ಆಮೇಲೆ ಹಣ್ಣು ಎಂದೆ. ಗುರುಶಾಂತಪ್ಪನವರು ಕಪ್ಪು ಕೆಳಗಿಟ್ಟರು.

“ಮಾತು ಕೊಟ್ಟಿದ್ರಿಲ್ರಿ ನೀವು?”

“ಕೊಟ್ಟಿದ್ದೆರಿ,” ಎಂದೆ. “ಆಕೀಗಿ ಕೇಳದೇ ಕೊಟ್ಟಿದ್ದೆ. ಅದು ನಡಿಯಂಗಿಲ್ಲ. ಆಕಿ ಇಲ್ಲೇ ಇದ್ದಾಳ, ಬೇಕಂದ್ರ ಈಗ ಕೇಳ್ರಿ.”

ಅವರು ಕೇಳಲಿಲ್ಲ. ಹುಡುಗನಾದರೂ ಕೇಳುತ್ತಾನೆಂದು ನೋಡಿದೆ. ಅಪ್ಪ ಎದ್ದದ್ದು ನೋಡಿ ಅವನೂ ಎದ್ದ. ಹೋಗುವಾಗ ಐಶ್ವರ್ಯ ತೋರಿಸಿದ್ದ ಮೂಲೆಯ ಕಂಬವನ್ನು ಒಮ್ಮೆ ಅಲುಗಿಸಿ ನೋಡಿ ಹೋದ.

ಕಾರು ಹೋದ ಮೇಲೆ ಐಶ್ವರ್ಯ ಕತ್ತರಿ ಎತ್ತಿಕೊಂಡು ಉಳಿದ ಸಾಲುಗಳಿಗೆ ಹೋದಳು. ನಾನು ಡಬ್ಬಿ ಹಿಡಿದು ಹಿಂದೆ ಹೋದೆ. ಸಂಜೆ ಎಲ್ಲ ಮುಗಿದ ಮೇಲೆ ಕೈ ತೊಳೆಯುತ್ತ ಹೇಳಿದಳು.

“ನೀವು ಕೊಟ್ಟ ಮಾತು ನಂದಿತ್ತಪಾ. ನಿಮ್ಮದಲ್ಲ. ಇಷ್ಟು ದಿನಾ ಜೋಡಿ ಇದ್ದು ಒಂದಿನಾ ಹೇಳಲಿಲ್ಲ.”

ನಾನೇ ಅವರಿಗೆ ಬೇಡವೆಂದೆನಲ್ಲ ಎನ್ನಬೇಕೆಂದಿದ್ದೆ. ಡಬ್ಬಿ ತೊಳೆದಿಟ್ಟೆ.

ಮೇ 10, ಶನಿವಾರ

ಮಗಳು ಮಾತಾಡುತ್ತಿಲ್ಲ. ಬೇಕಾದದ್ದನ್ನು ಬಂದೇಅಲಿಯ ಮೂಲಕ ಹೇಳಿಸುತ್ತಾಳೆ. ಅತ್ತ ಚಂದಮ್ಮ ಫೋನ್ ಎತ್ತುತ್ತಿಲ್ಲ. ಈಗ ನನ್ನ ಜೊತೆ ಮಾತಾಡುವವನು ಬಂದೇಅಲಿ ಒಬ್ಬನೇ, ಅವನು ಮೊದಲೇ ಮಾತು ಕಡಿಮೆಯವನು.

ಮೇ 13, ಮಂಗಳವಾರ

ಬಿಸಿಲು. ತೋಟದಲ್ಲಿ ಮೋಟುಗಳು ಸ್ಮಶಾನದ ಗೂಟಗಳಂತಿವೆ. ಊರವರು ಬದುವಿನ ಮೇಲೆ ನಿಂತು ನೋಡಿ ಹೋಗುತ್ತಾರೆ. ಯಂಕಮ್ಮ ಕೊಡದಿಂದ ನೀರು ಹಾಕುತ್ತಾಳೆ.

ಚಂದಮ್ಮ ಇವತ್ತು ಫೋನ್ ಎತ್ತಿದಳು. ಜನರ ಮುಂದೆ ಮರ್ಯಾದೆ ಹೋಯಿತು, ಇನ್ನು ಅಲ್ಲಿದ್ದು ಮಾಡುವುದೇನು, ಮನೆಗೆ ಬನ್ನಿ ಎಂದಳು. ಪೂಜೆಯ ಪೆಟ್ಟಿಗೆ ಫ್ರಿಜ್ಜಿನ ಮೇಲಿದೆ, ಅದರ ಹಿಂದೆ ಬಟ್ಟೆಯೆಲ್ಲ ಹರಡಿದೆ, ಕಟ್ಟಿಕೊಳ್ಳಲು ಸಮಯ ಬೇಕು, ಒಂದು ವಾರ ಬಿಟ್ಟು ಬರುತ್ತೇನೆ ಎಂದೆ.

ಮೇ 17, ಶನಿವಾರ

ಬೆಳಿಗ್ಗೆ ಪೂಜೆ ಮುಗಿಸಿ ತೋಟದಲ್ಲಿ ಅಡ್ಡಾಡುವಾಗ ಮೂರನೆಯ ಸಾಲಿನಲ್ಲಿ ಒಂದು ಕಣ್ಣು ಉಬ್ಬಿದ್ದು ಕಂಡಿತು. ಬಗ್ಗಿ ನೋಡಿದೆ. ಅಕ್ಕಿಕಾಳಿನಷ್ಟು, ತುದಿ ಕೆಂಪು. ಪಕ್ಕದ್ದರಲ್ಲೂ ಇತ್ತು. ಯಂಕಮ್ಮಳನ್ನು ಕೂಗಿದೆ. ಅವಳು ಬಂದು ಕುಕ್ಕರಗಾಲಲ್ಲಿ ಕುಳಿತು ಸಾಲಿನುದ್ದಕ್ಕೂ ಒಂದೊಂದನ್ನೇ ಮುಟ್ಟಿ ನೋಡುತ್ತ ಹೋದಳು. ಎಲ್ಲವೂ ಬಂದಿಲ್ಲ, ಕೆಲವು ಒಣಗಿವೆ.

ಐಶ್ವರ್ಯ ಎದ್ದು ಬರುವ ಹೊತ್ತಿಗೆ ನಾವಿಬ್ಬರೂ ಇನ್ನೊಂದು ತುದಿಯಲ್ಲಿದ್ದೆವು.

ಮೇ 23, ಶುಕ್ರವಾರ

ನಾಶಿಕದ ಅಧಿಕಾರಿ ಬಂದು ಹೋದರು. ಮರಾಠಿಯವರು, ಚಿಕ್ಕ ವಯಸ್ಸು. ಮೋಟು ನೋಡಿ ಮೊದಲು ಮುಖ ಸಿಂಡರಿಸಿದರು. ಐಶ್ವರ್ಯ ಕತ್ತರಿಸಿ ಹಾಕಿದ್ದ ಹಳೇ ಬಳ್ಳಿಯೊಂದನ್ನು ತಂದು ಸೀಳಿ ತೋರಿಸಿದಳು. ಗಾಯದ ಒಳಗೆ ಕಪ್ಪಾಗಿತ್ತು. ಆಮೇಲೆ ಅವರು ಚಿಗುರು ನೋಡುತ್ತ ಬಹಳ ಹೊತ್ತು ನಿಂತರು.

ಯೋಜನೆ ಪೂರ್ತಿ ಉಳಿಯಲಿಲ್ಲ. ಭೀಮೆಯ ದಂಡೆ ಸದ್ಯಕ್ಕೆ ಬೇಡ ಎಂದರು. ಕಾಗಿಣಾದ ಮೇಲ್ಭಾಗ, ಚಿಂಚೋಳಿಯವರೆಗೆ ಇನ್ನೊಂದು ವರ್ಷ ನೋಡಲು ಒಪ್ಪಿದರು. ಯಂಕಮ್ಮನ ತೋಟ ಮುಂದುವರಿಯುತ್ತದೆ. ಅವಳು ಎಲ್ಲರಿಗೂ ಬೆಲ್ಲದ ಚಹಾ ಕೊಟ್ಟಳು.

ಚಿಂಚೋಳಿಯಲ್ಲಿ ಸಭೆ ಸೋಮವಾರ. ನಡುವೆ ಸೇಡಂ ಬರುತ್ತದೆ, ನಾನು ಅಲ್ಲಿ ಇಳಿದುಕೊಳ್ಳಬಹುದು ಎಂದು ಬಂದೇಅಲಿ ಹೇಳಿದ. ಮಗಳು ಹೇಳಿಸಿದಳೋ, ಅವನೇ ಹೇಳಿದನೋ ಗೊತ್ತಾಗಲಿಲ್ಲ.

ಮೇ 26, ಸೋಮವಾರ. ಚಿಂಚೋಳಿ

ಸೇಡಂನಲ್ಲಿ ಮನೆಗೆ ಹೋಗಿ ತೊಳೆದ ಬಟ್ಟೆ ತಂದೆ. ಚಂದಮ್ಮ ಬಯ್ದಳು, ಬಯ್ಯುತ್ತಲೇ ಮಗಳಿಗೆಂದು ಉಪ್ಪಿನಕಾಯಿ ಕಟ್ಟಿಕೊಟ್ಟಳು. ಚಿಂಚೋಳಿಯ ಸರ್ವೆ ನಂಬರುಗಳೂ ಏರುಪೇರಾಗಿರುತ್ತವೆ, ಅದನ್ನು ನೋಡಿ ಬರುತ್ತೇನೆಂದು ಹೇಳಿ ಗಾಡಿ ಹತ್ತಿದೆ.

ಸಭೆಗೆ ಜನ ಬಂದಿದ್ದರು. ಒಬ್ಬ ಹಿರಿಯರು, ನಮ್ಮವರೇ, ಹಣೆತುಂಬ ವಿಭೂತಿ. ಎಲ್ಲ ಕೇಳಿಸಿಕೊಂಡು, ಐಶ್ವರ್ಯಳನ್ನು ಬಿಟ್ಟು ನನ್ನನ್ನು ಕೇಳಿದರು. ಕೊರಳಲ್ಲಿ ಲಿಂಗ ಇಟ್ಟುಕೊಂಡು ಕುಡಿಯುವುದಕ್ಕೆ ಬೆಳೆಯುವುದು ಸರಿಯೇ, ನೀವೇ ಹೇಳಿರಿ ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಏಪ್ರಿಲ್‌ನಲ್ಲಿ ಕೇಳಿದ್ದರೆ ನನ್ನ ಬಳಿ ಉತ್ತರವಿತ್ತು.

“ನಾ ಕುಡಿಯಂಗಿಲ್ರಿ, ಕುಡೀರಿ ಅಂತ ಯಾರಿಗೂ ಹೇಳಂಗಿಲ್ಲ,” ಎಂದೆ. “ಸರಿನೋ ತಪ್ಪೋ ನನಗ ಪೂರಾ ಗೊತ್ತಿಲ್ಲ. ಹೊಲಾ ನಿಮ್ಮದು, ನೀವು ವಿಚಾರ ಮಾಡ್ರಿ. ಬೆಳಿ ವಿಷಯ ಏನಿದ್ರೂ ಆಕಿಗೆ ಕೇಳ್ರಿ. ನಾ ಆಕಿ ಜೋಡಿ ಬಂದೀನಿ.”

ಹಿರಿಯರು ತಲೆಯಾಡಿಸಿ ಹೊರಟರು. ನಾಲ್ಕು ಜನ ಉಳಿದರು. ಅವರಲ್ಲಿ ಒಬ್ಬ ಹೊಲ ತೋರಿಸುತ್ತೇನೆಂದು ಕರೆದೊಯ್ದ. ಹೊಳೆಯ ಕಡೆ ಇಳಿಜಾರು, ಮೇಲೆ ತೆಳು ಮಣ್ಣು, ಕೆಳಗೆ ಬಿಳಿ ಕಲ್ಲು. ಬಂದೇಅಲಿ ಗಾಡಿಯ ಹತ್ತಿರ ಉಳಿದಿದ್ದ. ಐಶ್ವರ್ಯ ಅಳತೆಯ ಟೇಪು ಬಿಚ್ಚಿ ಆಚೆ ಈಚೆ ನೋಡಿದಳು. ಆಮೇಲೆ ಅದರ ತುದಿಯನ್ನು ನನ್ನ ಕಡೆ ಚಾಚಿದಳು.

“ಅಪ್ಪ, ಇದು ಹಿಡೀರಿ. ಗಾಳಿ ಅದ, ಗಟ್ಟಿ ಹಿಡೀರಿ.”

ಹಿಡಿದೆ. ಅವಳು ಹೊಲದ ಆ ಬದಿಯವರೆಗೂ ಎಳೆದುಕೊಂಡು ಹೋದಳು. ಗಾಳಿಗೆ ಟೇಪು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಅಲ್ಲಿಂದ ಅಳತೆ ಕೂಗಿ ಹೇಳಿದಳು. ಸರಿಯಾಗಿ ಕೇಳಲಿಲ್ಲ, ಇನ್ನೊಮ್ಮೆ ಹೇಳು ಎಂದೆ. ಇನ್ನೊಮ್ಮೆ ಹೇಳಿದಳು.